ಮಲ ತೂಗಿದ ಡಾಕ್ಟರು, ನಮ್ಮ ಜೋಳದ ರೊಟ್ಟಿ ಮತ್ತು ಹತ್ತು ಕೆಜಿ ಅಕ್ಕಿ

ಡೆನಿಸ್ ಬರ್ಕಿಟ್ ಎಂಬ ಐರಿಷ್ ಸರ್ಜನ್ ಬಗ್ಗೆ ಬರೆಯಬೇಕೆಂದರೆ ಮಲದ ಮಾತು ಎತ್ತದೆ ವಿಧಿಯಿಲ್ಲ. 1970ರ ದಶಕದಲ್ಲಿ ದೊಡ್ಡ ದೊಡ್ಡ ವೈದ್ಯರ ಸಭೆಗಳಲ್ಲಿ ಭಾಷಣ ಮಾಡುವಾಗ ಆತ ಪರದೆಯ ಮೇಲೆ ಹಳ್ಳಿಗರ ಮಲದ ಸ್ಲೈಡುಗಳನ್ನು ತೋರಿಸುತ್ತಿದ್ದ. ತಮಾಷೆಗಲ್ಲ. ಆಫ್ರಿಕದ ಹಳ್ಳಿಯವರದ್ದು ಯಾಕೆ ಹೆಚ್ಚು ಮತ್ತು ಮೆತ್ತಗೆ, ಬ್ರಿಟನ್ನಿನ ಪಟ್ಟಣದವರದ್ದು ಯಾಕೆ ಕಡಿಮೆ ಮತ್ತು ಗಟ್ಟಿ, ಈ ವ್ಯತ್ಯಾಸಕ್ಕೂ ಪಟ್ಟಣದ ಆಸ್ಪತ್ರೆಗಳಲ್ಲಿ ತುಂಬಿರುವ ರೋಗಗಳಿಗೂ ಏನು ನಂಟು ಅನ್ನೋದು ಆತನ ಬದುಕಿನ ಕೊನೆಯ 25 ವರ್ಷಗಳನ್ನು ಆವರಿಸಿಕೊಂಡ ಪ್ರಶ್ನೆ.

ನಾನು ನವಲಗುಂದ ತಾಲ್ಲೂಕಿನ ಎರಿ ಹೊಲದ ಊರಿನವನು. ಜೋಳ ಉಂಡು ಬೆಳೆದವನು. ಪ್ರತಿ ಚುನಾವಣೆಯಲ್ಲೂ ನಮ್ಮ ಕಡೆ ಅಕ್ಕಿ ಎಷ್ಟು ಕೆಜಿ ಅನ್ನೋ ಚರ್ಚೆ ಆಗುತ್ತದೆ. ಐದೋ, ಏಳೋ, ಹತ್ತೋ. ಆ ಚರ್ಚೆ ಬೇಕೇ ಬೇಕು, ಹಸಿವಿನ ವಿಷಯದಲ್ಲಿ ಜೋಕು ಮಾಡೋರ ಮೇಲೆ ನನಗೆ ಸಿಟ್ಟಿದೆ. ಆದರೆ ಯಾವ ಕಾಳು ಎಂಬ ಪ್ರಶ್ನೆ ಆ ಚರ್ಚೆಯಲ್ಲಿ ಬರೋದೇ ಇಲ್ಲ. ಆ ಪ್ರಶ್ನೆಯನ್ನು ಕೇಳಲು ಬೇಕಾದ ವಿಜ್ಞಾನ ಶುರುವಾಗುವುದು ಬರ್ಕಿಟ್‌ನಿಂದ. ಹಂಗಾಗಿ ಈ ವಾರ ಆತನ ಕಥೆ.

1911ರ ಫೆಬ್ರವರಿ 28ರಂದು ಉತ್ತರ ಐರ್ಲೆಂಡಿನ ಎನಿಸ್ಕಿಲನ್ ಬಳಿ ಹುಟ್ಟಿದ. ಅಪ್ಪ ಜೇಮ್ಸ್ ಪಾರ್ಸನ್ಸ್ ಬರ್ಕಿಟ್ ಫರ್ಮನಾ ಕೌಂಟಿಯ ಸರ್ವೇಯರ್, ಅಂದರೆ ರಸ್ತೆ ಸೇತುವೆ ನೋಡಿಕೊಳ್ಳುವ ಎಂಜಿನಿಯರ್. ಬಿಡುವಿನಲ್ಲಿ ಹಕ್ಕಿ ನೋಡುವ ಹುಚ್ಚು. ಮನೆಯ ಸುತ್ತಲಿನ ರಾಬಿನ್ ಹಕ್ಕಿಗಳ ಕಾಲಿಗೆ ಲೋಹದ ಉಂಗುರ ತೊಡಿಸಿ, ಯಾವ ಹಕ್ಕಿ ಎಲ್ಲಿಯವರೆಗೆ ತನ್ನ ಗಡಿ ಕಾಯುತ್ತದೆ ಎಂದು ನಕ್ಷೆ ಬರೆದವನು ಆತ. ಪಕ್ಷಿಶಾಸ್ತ್ರದ ಚರಿತ್ರೆಯಲ್ಲಿ ಆ ಸರ್ವೇಯರನ ಹೆಸರು ಇವತ್ತಿಗೂ ಇದೆ. ಮಗ ಅಪ್ಪನಿಂದ ಕಲಿತದ್ದು ಒಂದೇ ವಿದ್ಯೆ ಎನ್ನಬಹುದು: ಯಾವುದು ಎಲ್ಲಿದೆ, ಎಲ್ಲಿ ಇಲ್ಲ ಎಂದು ನಕ್ಷೆಯ ಮೇಲೆ ಗುರುತು ಹಾಕುವುದು. ಮುಂದೆ ಆತ ಮಾಡಿದ್ದೆಲ್ಲ ಇದನ್ನೇ.

ಹನ್ನೊಂದನೇ ವಯಸ್ಸಿನಲ್ಲಿ ಹುಡುಗರ ಕಲ್ಲೆಸೆತದಲ್ಲಿ ಒಂದು ಕಣ್ಣು ಹೋಯಿತು. 1929ರಲ್ಲಿ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿಗೆ ಸೇರಿದ್ದು ಎಂಜಿನಿಯರಿಂಗ್ ಓದಲು. ಅದನ್ನು ಬಿಟ್ಟು ಮೆಡಿಕಲ್ಲಿಗೆ ಹೋದ. (ಎಂಜಿನಿಯರಿಂಗ್ ಬಿಟ್ಟು ಬೇರೆ ಕಸುಬು ಹಿಡಿದವರ ಬಗ್ಗೆ ನನಗೊಂದು ಪಕ್ಷಪಾತ ಇದ್ದರೆ ಓದುಗರು ಹೊಟ್ಟೆಗೆ ಹಾಕಿಕೊಳ್ಳಬೇಕು.) ಕಾಲೇಜಿನಲ್ಲಿ ಕ್ರೈಸ್ತ ಪ್ರಾರ್ಥನಾ ಗುಂಪೊಂದರ ಪ್ರಭಾವಕ್ಕೆ ಬಿದ್ದ, ಆ ಭಕ್ತಿ ಸಾಯುವ ತನಕ ಬಿಡಲಿಲ್ಲ. 1938ರ ಹೊತ್ತಿಗೆ ಸರ್ಜನ್ ಆದ. ಆಫ್ರಿಕದಲ್ಲಿ ಕೆಲಸ ಮಾಡಬೇಕೆಂದು ಬ್ರಿಟಿಷ್ ಕಾಲೊನಿಯಲ್ ಸೇವೆಗೆ ಅರ್ಜಿ ಹಾಕಿದರೆ, ಒಂದೇ ಕಣ್ಣಿನವನು ಬೇಡ ಎಂದು ತಿರಸ್ಕರಿಸಿದರು. ಯುದ್ಧ ಬಂತು. ಯುದ್ಧಕ್ಕೆ ಒಕ್ಕಣ್ಣನಾದರೂ ನಡೆಯುತ್ತದೆ. 1941ರಲ್ಲಿ ಸೇನೆಯ ವೈದ್ಯಕೀಯ ದಳಕ್ಕೆ ಸೇರಿ ಪೂರ್ವ ಆಫ್ರಿಕ, ಸಿಲೋನ್ ಸುತ್ತಿದ. 1946ರಲ್ಲಿ ಕೊನೆಗೂ ಉಗಾಂಡಾದ ಸರ್ಕಾರಿ ವೈದ್ಯನಾದ.

ಮೊದಲ ಪೋಸ್ಟಿಂಗು ಲಿರಾ ಎಂಬ ಊರು. ಅಲ್ಲಿ ಗಂಡಸರಿಗೆ ಬುಡ್ಡಿ ರೋಗ, ಅಂದರೆ ವೃಷಣದಲ್ಲಿ ನೀರು ತುಂಬಿ ಬಾಯುವ ಕಾಯಿಲೆ, ವಿಪರೀತ. ಆಪರೇಷನ್ ಮಾಡುತ್ತಾ ಮಾಡುತ್ತಾ ಆತನ ಗಮನಕ್ಕೆ ಬಂದದ್ದು, ರೋಗಿಗಳೆಲ್ಲ ಜಿಲ್ಲೆಯ ಪೂರ್ವ ಭಾಗದವರು, ಪಶ್ಚಿಮದಿಂದ ಬರುವವರೇ ಇಲ್ಲ. ಬೇರೆ ಡಾಕ್ಟರಾಗಿದ್ದರೆ ಆಪರೇಷನ್ ಮುಗಿಸಿ ಮನೆಗೆ ಹೋಗುತ್ತಿದ್ದರೋ ಏನೋ. ಈತ ಎಣಿಸಿದ, ನಕ್ಷೆ ಬರೆದ, ಪ್ರಕಟಿಸಿದ. ಸೊಳ್ಳೆಯಿಂದ ಹರಡುವ ಫೈಲೇರಿಯಾದ ಜೊತೆ ಅದರ ನಂಟು ಕಾಣಿಸಿತು. ರಾಬಿನ್ ಹಕ್ಕಿಯ ನಕ್ಷೆ ರೋಗದ ನಕ್ಷೆಯಾಯಿತು.

1948ರಲ್ಲಿ ಕಂಪಾಲಾದ ಮುಲಾಗೊ ಆಸ್ಪತ್ರೆಗೆ ಬಂದ. 1957ರಲ್ಲಿ ಅಲ್ಲಿಯ ಫಿಜಿಷಿಯನ್ ಹ್ಯೂ ಟ್ರೋವೆಲ್ ಒಂದು ಮಗುವನ್ನು ನೋಡಲು ಕರೆದ. ದವಡೆಯ ಎರಡೂ ಕಡೆ ಗಡ್ಡೆ. ಕೆಲವು ವಾರಗಳ ಮೇಲೆ ಜಿಂಜಾ ಊರಿನ ಆಸ್ಪತ್ರೆಯಲ್ಲಿ ಕಿಟಕಿಯಾಚೆ ಅಂಥದೇ ಮುಖದ ಇನ್ನೊಂದು ಮಗು ಕಂಡಿತು. ಒಂದು ಮಗು ಆದರೆ ಕುತೂಹಲ, ಎರಡಾದರೆ ಪ್ರಶ್ನೆ. 1958ರಲ್ಲಿ ಈ ಮಕ್ಕಳ ಕ್ಯಾನ್ಸರ್ ಬಗ್ಗೆ ಬರೆದ. 25 ಪೌಂಡ್ ಅನುದಾನದಲ್ಲಿ ಕರಪತ್ರ, ಫೋಟೊ ಮಾಡಿಸಿ ಆಫ್ರಿಕದ ಆಸ್ಪತ್ರೆಗಳಿಗೆ ಅಂಚೆಯಲ್ಲಿ ಕಳಿಸಿ, ನಿಮ್ಮಲ್ಲಿ ಇಂಥ ಮಕ್ಕಳು ಬರುತ್ತಾರಾ ಎಂದು ಕೇಳಿದ. 1961ರ ಕೊನೆಗೆ, ಹಳೆಯ ಫೋರ್ಡ್ ಗಾಡಿಯೊಂದನ್ನು ಕೊಂಡು ಇಬ್ಬರು ಮಿಷನರಿ ವೈದ್ಯ ಗೆಳೆಯರಾದ ಟೆಡ್ ವಿಲಿಯಮ್ಸ್ ಮತ್ತು ಕ್ಲಿಫ್ ನೆಲ್ಸನ್ ಜೊತೆ ಹತ್ತು ವಾರ, ಹತ್ತು ಸಾವಿರ ಮೈಲಿ ಸುತ್ತಿದ. ಐವತ್ತಕ್ಕೂ ಹೆಚ್ಚು ಆಸ್ಪತ್ರೆ. ರೋಗ ಎಲ್ಲಿ ನಿಲ್ಲುತ್ತದೆ ಎಂದು ಹುಡುಕುವ ಪ್ರವಾಸ ಅದು. ಮಳೆ ಕಡಿಮೆಯಿರುವಲ್ಲಿ, ಎತ್ತರದ ತಣ್ಣನೆಯ ಜಾಗಗಳಲ್ಲಿ ಗಡ್ಡೆ ಇರಲಿಲ್ಲ. ಮಲೇರಿಯಾ ಇರುವಲ್ಲಿ ಇತ್ತು.

ಅದೇ ವರ್ಷ ಮಾರ್ಚಿನಲ್ಲಿ ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಆತ ಮಾಡಿದ ಭಾಷಣವನ್ನು ಆಂಥನಿ ಎಪ್‌ಸ್ಟೈನ್ ಎಂಬ ಯುವ ವಿಜ್ಞಾನಿ ಕೂತು ಕೇಳಿದ್ದ. ಉಗಾಂಡಾದಿಂದ ವಿಮಾನದಲ್ಲಿ ಬಂದ ಗಡ್ಡೆಯ ಚೂರುಗಳಲ್ಲಿ 1964ರಲ್ಲಿ ಒಂದು ವೈರಸ್ ಸಿಕ್ಕಿತು. ಮನುಷ್ಯರಲ್ಲಿ ಕ್ಯಾನ್ಸರಿಗೆ ಕಾರಣವಾಗುವ ವೈರಸ್ಸುಗಳಲ್ಲಿ ಮೊದಲು ಪತ್ತೆಯಾದದ್ದು ಅದೇ. ಗಡ್ಡೆಗೆ ಬರ್ಕಿಟ್ ಲಿಂಫೋಮಾ ಎಂದೇ ಹೆಸರಾಯಿತು. ಬಹುಪಾಲು ಜನ ಇಲ್ಲಿಗೇ ನಿಂತು, ಉಳಿದ ಆಯುಷ್ಯ ಹಾರ ತುರಾಯಿಗೆ ಕತ್ತು ಒಡ್ಡಿಕೊಂಡು ಕಳೆಯುತ್ತಾರೆ.

ಉಗಾಂಡಾ 1962ರಲ್ಲಿ ಸ್ವತಂತ್ರವಾಯಿತು. ಬರ್ಕಿಟ್ 1966ರಲ್ಲಿ ಲಂಡನ್ನಿಗೆ ವಾಪಸಾದ. ಮರುವರ್ಷ ಪೀಟರ್ ಕ್ಲೀವ್ ಎಂಬ ನಿವೃತ್ತ ನೌಕಾ ವೈದ್ಯನ ಭೇಟಿ. ಕ್ಲೀವ್ ವಿಚಿತ್ರ ಮನುಷ್ಯ. ಎರಡನೇ ಮಹಾಯುದ್ಧದಲ್ಲಿ ಯುದ್ಧನೌಕೆಯ ಮೇಲೆ ಮಲಬದ್ಧತೆಯಿಂದ ಒದ್ದಾಡುತ್ತಿದ್ದ ನಾವಿಕರಿಗೆ ಗೋಧಿ ತೌಡು ತಿನ್ನಿಸಿದವನು. ಸಕ್ಕರೆ ಮತ್ತು ಬಿಳಿ ಮೈದಾ ಬಂದ ಮೇಲೆಯೇ ಸಕ್ಕರೆ ಕಾಯಿಲೆ, ಹೃದಯಾಘಾತ, ಹಲ್ಲುಹುಳುಕು, ಮೂಲವ್ಯಾಧಿ ಎಲ್ಲ ಬಂದವು ಎಂದು ಪುಸ್ತಕ ಬರೆದಿದ್ದ. ವೈದ್ಯಲೋಕ ಹೆಚ್ಚು ಕಿವಿಗೊಟ್ಟಿರಲಿಲ್ಲ. ಬರ್ಕಿಟ್‌ಗೆ ಮಾತ್ರ ಇಪ್ಪತ್ತು ವರ್ಷ ಉಗಾಂಡಾದಲ್ಲಿ ಹೊಟ್ಟೆ ಕೊಯ್ದದ್ದು ನೆನಪಾಯಿತು. ಅಪೆಂಡಿಕ್ಸ್ ಆಪರೇಷನ್ ಅಪರೂಪ. ದೊಡ್ಡ ಕರುಳಿನ ಕ್ಯಾನ್ಸರ್ ಅಪರೂಪ. ಕರುಳಿನ ಗೋಡೆ ಚೀಲದಂತೆ ಉಬ್ಬಿ ಹುಣ್ಣಾಗುವ ಡೈವರ್ಟಿಕ್ಯುಲಾರ್ ಕಾಯಿಲೆಯಂತೂ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಬ್ರಿಟನ್ನಿನ ಸರ್ಜನ್ನುಗಳ ದಿನದ ಕೆಲಸವೇ ಇವು.

ಮತ್ತೆ ಅಂಚೆ, ಮತ್ತೆ ನಕ್ಷೆ. ಆಫ್ರಿಕ ಮತ್ತು ಭಾರತದ ಮಿಷನ್ ಆಸ್ಪತ್ರೆಗಳಿಗೆ ಪ್ರಶ್ನಾವಳಿ ಹೋದವು. ಜೊತೆಗೆ ಜೋಹಾನ್ಸ್‌ಬರ್ಗಿನ ಅಲೆಕ್ ವಾಕರ್, ಲಂಡನ್ನಿನ ನೀಲ್ ಪೇಂಟರ್ ಸೇರಿ ಬೇರೊಂದು ಕೆಲಸ ಮಾಡಿದರು. ಎಕ್ಸ್‌ರೇಯಲ್ಲಿ ಕಾಣುವ ಸಣ್ಣ ಗುಳಿಗೆಗಳನ್ನು ಜನರಿಗೆ ನುಂಗಿಸಿ, ಅವು ಹೊರಬರಲು ಎಷ್ಟು ಹೊತ್ತು ಬೇಕು, ದಿನಕ್ಕೆ ಮಲ ಎಷ್ಟು ಎಂದು ಅಳೆದರು. 1972ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಆ ಪಟ್ಟಿಯಲ್ಲಿ ಬ್ರಿಟನ್ನಿನ ನಾವಿಕರು ಮತ್ತು ಅವರ ಹೆಂಡಂದಿರದ್ದು ದಿನಕ್ಕೆ ಸುಮಾರು 104 ಗ್ರಾಂ, ಉಂಡದ್ದು ಹೊರಬರಲು 83 ತಾಸು. ಉಗಾಂಡಾದ ಹಳ್ಳಿಗರದ್ದು 470 ಗ್ರಾಂ, 36 ತಾಸು. ನಡುವೆ ಎಲ್ಲೋ ದಕ್ಷಿಣ ಭಾರತದ ನರ್ಸುಗಳೂ ಇದ್ದಾರೆ: 155 ಗ್ರಾಂ, 44 ತಾಸು. ಆ ನರ್ಸುಗಳ ಊಟ ಏನಿತ್ತೋ. ಪಟ್ಟಿ ನೋಡಿದಾಗಲೆಲ್ಲ ನನಗೆ ಆ ಸಾಲಿನ ಮೇಲೇ ಕಣ್ಣು ನಿಲ್ಲುತ್ತದೆ.

ಆತನ ಸಿದ್ಧಾಂತ ಸರಳವಾಗಿತ್ತು. ನಾರು ಜೀರ್ಣವಾಗುವುದಿಲ್ಲ. ಸ್ಪಂಜಿನಂತೆ ನೀರು ಹೀರಿ ಉಬ್ಬುತ್ತದೆ, ಮಲವನ್ನು ಬೇಗ ತಳ್ಳುತ್ತದೆ. ನಾರಿಲ್ಲದಿದ್ದರೆ ಮಲ ಗಟ್ಟಿ, ತಿಣುಕಾಟ, ಅದರಿಂದ ಮೂಲವ್ಯಾಧಿ. ವಿಷಕಾರಿ ವಸ್ತು ಕರುಳಿನ ಗೋಡೆಗೆ ತಗುಲಿಕೊಂಡು ಹೆಚ್ಚು ಹೊತ್ತು ಕೂತರೆ ಕ್ಯಾನ್ಸರ್. ಉಗಾಂಡಾದ ಹಳೆಯ ಸಹೋದ್ಯೋಗಿ ಟ್ರೋವೆಲ್ ಜೊತೆ 1975ರಲ್ಲಿ ವೈದ್ಯರಿಗಾಗಿ, 1979ರಲ್ಲಿ ತಾನೊಬ್ಬನೇ ಸಾಮಾನ್ಯರಿಗಾಗಿ ಪುಸ್ತಕ ತಂದ. 1972ರಲ್ಲೇ ರಾಯಲ್ ಸೊಸೈಟಿ ಫೆಲೋ ಆಗಿದ್ದ, ಲಾಸ್ಕರ್ ಪ್ರಶಸ್ತಿಯೂ ಬಂದಿತ್ತು. ಭಾಷಣಗಳಲ್ಲಿ ಮಲದ ಸ್ಲೈಡಿನ ಜೊತೆ ಒಂದು ವ್ಯಂಗ್ಯಚಿತ್ರವೂ ಇರುತ್ತಿತ್ತು: ನಲ್ಲಿ ಧಾರಾಳ ಸುರಿಯುತ್ತಿದೆ, ಸಿಂಕು ತುಂಬಿ ನೆಲವೆಲ್ಲ ನೀರು, ಇಬ್ಬರು ಬಗ್ಗಿ ನೆಲ ಒರೆಸುತ್ತಲೇ ಇದ್ದಾರೆ, ನಲ್ಲಿ ನಿಲ್ಲಿಸುವ ಯೋಚನೆ ಯಾರಿಗೂ ಇಲ್ಲ. ಆತನ ಪ್ರಕಾರ ಅದು ಆಧುನಿಕ ಆಸ್ಪತ್ರೆ.

ಈಗ ತಕರಾರು. ಆ ಪಟ್ಟಿಯಲ್ಲಿ ಬ್ರಿಟನ್ನಿನ ಬೋರ್ಡಿಂಗ್ ಶಾಲೆ ಮಕ್ಕಳನ್ನು ಉಗಾಂಡಾದ ಹಳ್ಳಿಗರಿಗೆ ಹೋಲಿಸಲಾಗಿದೆ. ಎರಡು ಗುಂಪಿನ ನಡುವೆ ನಾರೊಂದೇ ಅಲ್ಲ, ವಯಸ್ಸು, ದುಡಿಮೆ, ಮಾಂಸ, ಸೋಂಕು ಎಲ್ಲವೂ ಬೇರೆ. ಹಳ್ಳಿಯಲ್ಲಿ ಕರುಳಿನ ಕ್ಯಾನ್ಸರ್ ಬರುವ ವಯಸ್ಸಿನವರೆಗೆ ಬದುಕಿದವರು ಎಷ್ಟು ಜನ, ಬಂದರೂ ಆಸ್ಪತ್ರೆ ಮುಟ್ಟಿದವರು ಎಷ್ಟು ಜನ? ಕಾಲೊನಿಯ ವೈದ್ಯನ ಕಣ್ಣಿಗೆ ಬಿದ್ದದ್ದಷ್ಟೇ ನಕ್ಷೆಗೆ ಬಂತು. ಆತನಿಗೆ ಆಫ್ರಿಕದ ಹಳ್ಳಿ ಅಂದರೆ ಒಂದು ಬಗೆಯ ಆರೋಗ್ಯದ ಸ್ವರ್ಗ. ಅದೇ ಸ್ವರ್ಗದಲ್ಲಿ ಮಕ್ಕಳು ಅತಿಸಾರಕ್ಕೆ ಸಾಯುತ್ತಿದ್ದರು. ನಮ್ಮಲ್ಲೂ ಹಳ್ಳಿಯ ಊಟದ ಬಗ್ಗೆ ರೀಲ್ಸ್ ಮಾಡುವವರಿಗೆ ಈ ಕಾಯಿಲೆ ಇದೆ.

ಉಬ್ಬಿದ ರಕ್ತನಾಳ, ಎದೆಗೂಡಿಗೆ ನುಗ್ಗುವ ಹರ್ನಿಯಾ, ಅಪೆಂಡಿಸೈಟಿಸ್ ಎಲ್ಲವನ್ನೂ ನಾರಿನ ಕೊರತೆಗೆ ಕಟ್ಟಿದ ಆತನ ವಾದ ಗಟ್ಟಿಯಾಗಿ ನಿಲ್ಲಲಿಲ್ಲ. ಕರುಳಿನ ಕ್ಯಾನ್ಸರ್ ವಿಷಯದಲ್ಲಿ 1999ರಲ್ಲಿ ಅಮೆರಿಕದ ನರ್ಸುಗಳ ದೊಡ್ಡ ಅಧ್ಯಯನ ನಾರಿನಿಂದ ರಕ್ಷಣೆ ಕಾಣಲಿಲ್ಲ ಎಂದಿತು. 2003ರಲ್ಲಿ ಯುರೋಪಿನ ಹತ್ತು ದೇಶಗಳ ಅಧ್ಯಯನ ಕಾಣುತ್ತದೆ ಎಂದಿತು. ಈಗ ವಾಲಿರುವುದು ಕಾಣುತ್ತದೆ ಎಂಬ ಕಡೆಗೆ. ಆದರೆ ಯಾಕೆ ಕಾಣುತ್ತದೆ ಎನ್ನುವಲ್ಲಿ ಬರ್ಕಿಟ್‌ನ ಸ್ಪಂಜು ಸಾಕಾಗಲಿಲ್ಲ.

ಸ್ಪಂಜಿಗೆ ದೊಡ್ಡ ಪೆಟ್ಟು ಬಿದ್ದದ್ದು 1980ರಲ್ಲಿ. (ನಮ್ಮ ಕಡೆಯವರಿಗೆ 1980 ಅಂದ ಕೂಡಲೇ ಜುಲೈ 21, ಮಲಪ್ರಭೆಯ ನೀರಿನ ಕರ, ನವಲಗುಂದ ನರಗುಂದದ ಗೋಲಿಬಾರು ನೆನಪಾಗುತ್ತದೆ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅನ್ನಬೇಡಿ, ಕಾಲುವೆ ಬಂದ ಮೇಲೆ ಹೊಲದಲ್ಲಿ ಏನು ಬೆಳೆಯಿತು ಅನ್ನೋದಕ್ಕೆ ಆಮೇಲೆ ಬರ್ತೀನಿ.) ಕೇಂಬ್ರಿಜ್‌ನಲ್ಲಿ ಅಲಿಸನ್ ಸ್ಟೀಫನ್ ಮತ್ತು ಜಾನ್ ಕಮಿಂಗ್ಸ್ ಮಲವನ್ನು ತೂಗುವ ಬದಲು ಬಿಡಿಸಿ ನೋಡಿದರು. ನೀರು ತೆಗೆದ ಮೇಲೆ ಉಳಿಯುವ ಭಾಗದಲ್ಲಿ ಅರ್ಧದಷ್ಟು ಬರೀ ಬ್ಯಾಕ್ಟೀರಿಯಾ! ಕೋಸಿನ ನಾರು ತಿಂದವರ ಮಲದಲ್ಲಿ ಆ ನಾರು ಬಹುಪಾಲು ಮಾಯವಾಗಿತ್ತು, ಬದಲಿಗೆ ಬ್ಯಾಕ್ಟೀರಿಯಾ ಹೆಚ್ಚಾಗಿದ್ದವು. ಗೋಧಿ ತೌಡಿನ ನಾರು ಮಾತ್ರ ಅಷ್ಟಾಗಿ ಕರಗದೆ, ನೀರು ಹಿಡಿದುಕೊಂಡು ಹೊರಬರುತ್ತಿತ್ತು. ಅಂದರೆ ನಾರು ಸುಮ್ಮನೆ ಹಾದುಹೋಗುವ ಕಸ ಅಲ್ಲ. ನಾವು ಉಣ್ಣಲಾರದ್ದನ್ನು ಬೇರೆ ಯಾರೋ ಒಳಗೆ ಕೂತು ಉಣ್ಣುತ್ತಿದ್ದರು.

ಇದನ್ನು ಅರ್ಥ ಮಾಡಿಕೊಳ್ಳಲು ನಮ್ಮ ಕಡೆಯವರಿಗೆ ಪ್ರಯೋಗಾಲಯ ಬೇಡ, ದನದ ಕೊಟ್ಟಿಗೆ ಸಾಕು. ಜೋಳದ ತೆನೆ ನಮಗೆ, ಕಣಿಕಿ ಎತ್ತಿಗೆ. ಎತ್ತಿಗೂ ಸ್ವಂತವಾಗಿ ಕಣಿಕಿ ಅರಗಿಸುವ ಶಕ್ತಿ ಇಲ್ಲ. ಅದರ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯಿಲ್ಲದ ಕಡೆ ಅದನ್ನು ಹುಳಿಸಿ ಆಮ್ಲಗಳನ್ನು ಮಾಡುತ್ತವೆ, ಎತ್ತಿನ ಶಕ್ತಿಯಲ್ಲಿ ಮುಕ್ಕಾಲು ಪಾಲಿನಷ್ಟು ಆ ಆಮ್ಲಗಳಿಂದ. ನಾವು ಹಿಂದುಮುಂದಾದ ಎತ್ತು. ನಮ್ಮ ಹುಳಿಸುವ ಗಡಿಗೆ ಹಿಂದೆ, ದೊಡ್ಡ ಕರುಳಿನಲ್ಲಿದೆ. ಎತ್ತಿನದಕ್ಕಿಂತ ಬಹಳ ಸಣ್ಣದು, ಶಕ್ತಿಯಲ್ಲಿ ಹತ್ತನೇ ಒಂದು ಪಾಲು ಬಂದರೆ ಹೆಚ್ಚು. ಗೋಬರ್ ಗ್ಯಾಸ್ ಗುಂಡಿಯೂ ಇದೇ ತತ್ವ. ಗುಂಡಿಗೆ ಏನು ಹಾಕುತ್ತೀರೋ ಅದಕ್ಕೆ ತಕ್ಕ ಜೀವಿಗಳು ಬೆಳೆಯುತ್ತವೆ, ಹಾಕುವುದು ನಿಲ್ಲಿಸಿದರೆ ಸೊರಗುತ್ತವೆ.

ಲೆಕ್ಕ ನೋಡಿ. ಆಹಾರದ ಪಿಷ್ಟ, ಸಕ್ಕರೆಗಳನ್ನು ಒಡೆಯಲು ಮನುಷ್ಯನ ದೇಹಕ್ಕೆ ಇರುವ ಕಿಣ್ವಗಳು 17ರ ಆಸುಪಾಸು. ಕರುಳಿನಲ್ಲಿರುವ ಬ್ಯಾಕ್ಟೀರಾಯ್ಡಿಸ್ ಗುಂಪಿನ ಒಂದೇ ಒಂದು ಬ್ಯಾಕ್ಟೀರಿಯಾದ ಹತ್ತಿರ 200ಕ್ಕೂ ಹೆಚ್ಚು. ಸಸ್ಯದ ಗೋಡೆಯನ್ನು ಕೀಲಿ ಬಿಚ್ಚಿದಂತೆ ಅವು ಬಿಚ್ಚುತ್ತವೆ. ಹುಳಿಸಿದಾಗ ಮೂರು ಮುಖ್ಯ ಆಮ್ಲಗಳು ಬರುತ್ತವೆ: ವಿನೆಗರಿನಲ್ಲಿರುವ ಅಸಿಟೇಟ್, ಪ್ರೊಪಿಯೊನೇಟ್, ಮತ್ತು ಹಳಸಿದ ಬೆಣ್ಣೆಯ ವಾಸನೆಗೆ ಕಾರಣವಾದ ಬ್ಯುಟಿರೇಟ್. ಜೊತೆಗೆ ಗಾಳಿಯೂ ಬರುತ್ತದೆ, ಆ ವಿಷಯ ಅಣ್ಣಿಗೇರಿಯ ಕಡಲೆ ತಿಂದವರಿಗೆ ನಾನು ಹೇಳಬೇಕಿಲ್ಲ. ಅದೇ 1980ರಲ್ಲಿ ರೋಡಿಗರ್ ಎಂಬ ಸರ್ಜನ್, ದೊಡ್ಡ ಕರುಳಿನ ಒಳಪದರದ ಜೀವಕೋಶಗಳು ತಮ್ಮ ಇಂಧನದ ಬಹುಪಾಲನ್ನು ರಕ್ತದ ಸಕ್ಕರೆಯಿಂದಲ್ಲ, ಈ ಬ್ಯುಟಿರೇಟಿನಿಂದ ಪಡೆಯುತ್ತವೆ ಎಂದು ತೋರಿಸಿದ. ನಮ್ಮ ಕರುಳಿನ ಗೋಡೆಗೆ ಬ್ಯಾಕ್ಟೀರಿಯಾವೇ ಬುತ್ತಿ ಕಟ್ಟುತ್ತದೆ. ನಾರು ಸಿಗದಿದ್ದರೆ ಅವು ಏನು ತಿನ್ನುತ್ತವೆ? ಇಲಿಗಳಲ್ಲಿ 2016ರಲ್ಲಿ ನೋಡಿದ್ದಾರೆ: ಕರುಳಿನ ಗೋಡೆಯನ್ನು ಕಾಯುವ ಲೋಳೆಯ ಪದರವನ್ನೇ ಮೇಯತೊಡಗುತ್ತವೆ.

ಬರ್ಕಿಟ್ ಹೊರಬಂದದ್ದನ್ನು ತೂಗಿದ. ಒಳಗೇ ಉಳಿದು ರಕ್ತ ಸೇರಿದ್ದು ಆತನ ತಕ್ಕಡಿಗೆ ಸಿಗಲಿಲ್ಲ. ಆದರೂ ನಾರಿನ ಪ್ರಶ್ನೆಯನ್ನು ಆಸ್ಪತ್ರೆಯ ಬಾಗಿಲಿಗೆ ತಂದು ಕೂರಿಸಿದ್ದು ಆತನ ಹಟವೇ. ಆತ ತೀರಿಕೊಂಡದ್ದು 1993ರ ಮಾರ್ಚ್ 23ರಂದು, ಗ್ಲಾಸ್ಟರಿನಲ್ಲಿ, 82ನೇ ವಯಸ್ಸಿನಲ್ಲಿ. ಆತನ ಹೋಲಿಕೆಯ ದೊಡ್ಡ ದೌರ್ಬಲ್ಯವನ್ನು ಸರಿಪಡಿಸುವ ಪ್ರಯೋಗ ಪ್ರಕಟವಾದದ್ದು 2015ರಲ್ಲಿ. ಸ್ಟೀಫನ್ ಒ'ಕೀಫ್ ತಂಡ ದಕ್ಷಿಣ ಆಫ್ರಿಕದ 20 ಹಳ್ಳಿಗರು ಮತ್ತು ಅಮೆರಿಕದ 20 ಕಪ್ಪು ಜನರ ಊಟವನ್ನು ಎರಡು ವಾರ ಅದಲು ಬದಲು ಮಾಡಿತು. ಅಮೆರಿಕದವರ ನಾರು ದಿನಕ್ಕೆ 14 ಗ್ರಾಮಿನಿಂದ 55ಕ್ಕೆ ಏರಿತು, ಹಳ್ಳಿಗರದ್ದು 66ರಿಂದ 12ಕ್ಕೆ ಇಳಿಯಿತು. ಕೊಬ್ಬು, ಮಾಂಸವೂ ಜೊತೆಗೆ ಬದಲಾಯಿತು ಎಂಬುದನ್ನು ಮರೆಯಬಾರದು. ಹೆಚ್ಚು ನಾರು ಉಂಡ ಅಮೆರಿಕದವರಲ್ಲಿ ಬ್ಯುಟಿರೇಟ್ ಎರಡೂವರೆ ಪಟ್ಟಾಯಿತು, ಕರುಳಿನ ಉರಿಯೂತದ ಗುರುತುಗಳು ಇಳಿದವು. ಹಳ್ಳಿಗರಲ್ಲಿ ಇದಕ್ಕೆ ಪೂರಾ ಉಲ್ಟಾ. ಬರೀ ಹದಿನಾಲ್ಕು ದಿನ!

ಈಗ ಧಾರವಾಡಕ್ಕೆ ಬರೋಣ. ಅದೇನೂ ದೂರದ ದಾರಿಯಲ್ಲ, ಯಾಕೆಂದರೆ ಜೋಳವೂ ರಾಗಿಯೂ ಹುಟ್ಟಿದ್ದು ಪೂರ್ವ ಆಫ್ರಿಕದ ಆಚೀಚೆಯಲ್ಲೇ. ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ನಮ್ಮ ಎರಿ ಮಣ್ಣಿಗೆ ಬಂದವು. ಬರ್ಕಿಟ್ ನೋಡಿದ ಊಟದ ದಾಯಾದಿ ನಮ್ಮ ಊಟ.

ನವಲಗುಂದ, ಅಣ್ಣಿಗೇರಿ, ಕುಂದಗೋಳದ ಕಡೆ ತಾಟಿನಲ್ಲಿ ಏನಿತ್ತು? ಹಿಂಗಾರಿ ಜೋಳದ ರೊಟ್ಟಿ, ಮೊಳಕಿ ಬಂದ ಹೆಸರುಕಾಳು ಪಲ್ಯ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಹಸಿ ಉಳ್ಳಾಗಡ್ಡಿ, ಹಕ್ಕರಕಿ ಸೊಪ್ಪು, ಮಜ್ಜಿಗಿ. ಒಂದೊಂದೂ ಬೇರೆ ಬೇರೆ ಬ್ಯಾಕ್ಟೀರಿಯಾಗೆ ಬೇರೆ ಬೇರೆ ಮೇವು. ಉಳ್ಳಾಗಡ್ಡಿಯಲ್ಲಿ ಫ್ರಕ್ಟಾನ್ ಎಂಬ ನಾರು, ಅಗಸಿಯಲ್ಲಿ ಲೋಳೆ, ಕಾಳಿನಲ್ಲಿ ರಾಫಿನೋಸ್ ಎಂಬ, ನಾವು ಅರಗಿಸಲಾರದ ಸಕ್ಕರೆ. ಬೆಂದ ಪಿಷ್ಟ ತಣ್ಣಗಾದಾಗ ಅದರ ಒಂದಷ್ಟು ಭಾಗ ಮತ್ತೆ ಬಿಗಿಯಾಗಿ, ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ದೊಡ್ಡ ಕರುಳಿಗೆ ಇಳಿಯುತ್ತದೆ. ತಂಗಳ ರೊಟ್ಟಿ, ಆರಿದ ನುಚ್ಚು ಇದೇ ಜಾತಿ. ಕಲಘಟಗಿಯದು ಬೇರೆ ಮಾತು, ಅದು ಅರೆಮಲೆನಾಡು, ಅಲ್ಲಿ ಭತ್ತ ಹೊಸದಲ್ಲ. ಆದರೆ ಪಾಲಿಶ್ ಮಾಡಿದ ಬಿಳಿ ಅಕ್ಕಿಯಷ್ಟೇ ಮೂರೂ ಹೊತ್ತು ಉಣ್ಣುವುದು ಅಲ್ಲೂ ಹೊಸತೇ.

ಮಲಪ್ರಭೆಯ ಕಾಲುವೆ ಬಂದ ಮೇಲೆ ಹತ್ತಿ ಬಂತು, ಆಮೇಲೆ ಗೋವಿನಜೋಳ ಬಂತು. ಹೆಸರು, ಕಡಲಿ ಉಳಿದವು, ಧಾರವಾಡ ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವಿರುವ ಅಣ್ಣಿಗೇರಿಯ ಹೆಸರಿನಲ್ಲೇ ಅಣ್ಣಿಗೇರಿ-1 ಎಂಬ ಕಡಲೆ ತಳಿ ಇದೆ. ಆದರೆ ಬೆಳೆದ ಕಡಲೆ ಮಾರುಕಟ್ಟೆಗೆ ಹೋಗುತ್ತದೆ, ಗೋವಿನಜೋಳ ಕೋಳಿ ಫಾರ್ಮಿಗೂ ಎಥೆನಾಲ್ ಕಾರ್ಖಾನೆಗೂ ಹೋಗುತ್ತದೆ. ಹುಳಿಸುವ ಕೆಲಸವೇನೋ ನಡೆದಿದೆ, ನಮ್ಮ ಹೊಟ್ಟೆಯಲ್ಲಿ ಅಲ್ಲ, ಅಷ್ಟೇ. ಮನೆಗೆ ರೇಷನ್ ಅಕ್ಕಿ ಬರುತ್ತದೆ.

2023ರ ಚುನಾವಣೆಯ ಗ್ಯಾರಂಟಿ ತಲೆಗೆ ತಿಂಗಳಿಗೆ 10 ಕೆಜಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿ ಪ್ರಕಾರ 100 ಗ್ರಾಂ ಬಿಳಿ ಅಕ್ಕಿಯಲ್ಲಿ ನಾರು 2.8 ಗ್ರಾಂ, ಜೋಳದಲ್ಲಿ 10.2, ಇಡೀ ಕಡಲೆಯಲ್ಲಿ 25. ಭಾಗಾಕಾರ ಮಾಡಿದರೆ 10 ಕೆಜಿ ಅಕ್ಕಿಯಿಂದ ದಿನಕ್ಕೆ 9 ಗ್ರಾಂ ಚಿಲ್ಲರೆ ನಾರು, ಅಷ್ಟೇ ಜೋಳದಿಂದ 34 ಗ್ರಾಂ. ಒ'ಕೀಫ್ ಪ್ರಯೋಗದ ಎರಡು ತಾಟುಗಳ ನಡುವಿನ ಅಂತರ ನೆನಪಿಸಿಕೊಳ್ಳಿ. ಅಲ್ಲಿ ಎರಡು ವಾರ ಮಾಡಿದ್ದನ್ನು ನಾವು ಒಂದು ತಲೆಮಾರಿನ ಮೇಲೆ ಮಾಡುತ್ತಿದ್ದೇವೆ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳದೆ.

ಅಕ್ಕಿ ನಿಲ್ಲಿಸಿ ಎಂದು ಇದನ್ನು ಓದಿಕೊಳ್ಳುವವರು ದಯವಿಟ್ಟು ಬೇರೆ ಅಂಕಣಕ್ಕೆ ಹೋಗಿ. ಕೂಲಿಗೆ ಹೋಗಿ ಸಂಜೆ ಏಳಕ್ಕೆ ಮನೆ ಮುಟ್ಟುವ ನಮ್ಮೂರಿನ ಅವ್ವಂದಿರಿಗೆ ಕುಕ್ಕರಿನಲ್ಲಿ ಅಕ್ಕಿ ಇಡುವುದು ಬಿಡುಗಡೆಯೇ. ಜೋಳ ಹಸನು ಮಾಡಿ, ಬೀಸಿಸಿ, ಹಂಚಿನ ಮುಂದೆ ಕೂತು ಇಪ್ಪತ್ತು ರೊಟ್ಟಿ ಬಡಿಯುವ ಕೆಲಸ ಯಾರದು ಎಂದು ಕೇಳದೆ ಜೋಳದ ಗುಣಗಾನ ಮಾಡುವುದು ಗಂಡಸರ ಚಟ. ಹುಬ್ಬಳ್ಳಿ-ಧಾರವಾಡದ ಓಣಿಗಳಲ್ಲಿ ಹೆಂಗಸರು ನಡೆಸುವ ರೊಟ್ಟಿ ಕೇಂದ್ರಗಳಿವೆಯಲ್ಲ, ಅವು ಆ ಪ್ರಶ್ನೆಗೆ ಅವರೇ ಕಂಡುಕೊಂಡ ಒಂದು ಉತ್ತರ. ಅಂಥ ಕೇಂದ್ರ ತಾಲ್ಲೂಕಿನ ಊರುಗಳಲ್ಲೂ ಇದ್ದು, ಸರ್ಕಾರ ಅಲ್ಲಿಂದ ಅಂಗನವಾಡಿಗೋ ಹಾಸ್ಟೆಲ್ಲಿಗೋ ರೊಟ್ಟಿ ಕೊಂಡರೆ ದುಡಿಮೆಗೆ ಬೆಲೆಯೂ ಬಂದೀತು.

ಕಾನೂನಿನ ಅಡ್ಡಿ ಇಲ್ಲ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಲ್ಲೇ ಅಕ್ಕಿ ಮೂರು ರೂಪಾಯಿ, ಗೋಧಿ ಎರಡು, ಜೋಳ ಸಜ್ಜೆಯಂಥ ಕಾಳು ಒಂದು ರೂಪಾಯಿ ಎಂದು ಬರೆದಿದೆ. ಜೋಳ ಬೇಗ ಕೆಡುತ್ತದೆ, ಹಂಚಲು ಸಮಯ ಸಾಲದು ಎಂಬ ನೆಪವಿತ್ತು. 2021ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಜೋಳ ಹಂಚುವ ಅವಧಿಯನ್ನು ಆರು ತಿಂಗಳಿನಿಂದ ಒಂಬತ್ತಕ್ಕೆ ಏರಿಸಿತು. ದುಬಾರಿ ಅನ್ನುವುದು ಮತ್ತೊಂದು ನೆಪ. 2025-26ರ ಬೆಂಬಲ ಬೆಲೆ ಕ್ವಿಂಟಲ್ಲಿಗೆ ಭತ್ತಕ್ಕೆ 2,369 ರೂಪಾಯಿ, ಮಾಲ್ದಂಡಿ ಜೋಳಕ್ಕೆ 3,749. ಆದರೆ ಒಂದು ಕ್ವಿಂಟಲ್ ಭತ್ತಕ್ಕೆ ಸರ್ಕಾರ ಲೆಕ್ಕ ಹಿಡಿಯುವುದು 67 ಕೆಜಿ ಅಕ್ಕಿ. ಆ ಲೆಕ್ಕದಲ್ಲಿ ಒಂದು ಕ್ವಿಂಟಲ್ ಅಕ್ಕಿಗೆ ಭತ್ತದ ದುಡ್ಡೇ 3,536 ರೂಪಾಯಿ ಆಯಿತು. ಉಳಿದ ಅಂತರ 213 ರೂಪಾಯಿ, ಅದೂ ಗಿರಣಿ ಬಾಡಿಗೆ ಮತ್ತು ಲಾರಿ ಬಾಡಿಗೆ ಸೇರಿಸುವ ಮೊದಲು. ಜೋಳಕ್ಕೆ ಅಕ್ಕಿ ಗಿರಣಿ ಬೇಡ. ಇನ್ನು ಲಾರಿಯ ಮಾತು: ನವಲಗುಂದದ ಎಪಿಎಂಸಿಯಿಂದ ನವಲಗುಂದದ ರೇಷನ್ ಅಂಗಡಿಗೆ ಎಷ್ಟು ಕಿಲೋಮೀಟರ್ ಆಗುತ್ತದೆ ಅಂತ ಆಹಾರ ಇಲಾಖೆಯವರು ಒಮ್ಮೆ ಅಳೆದು ಹೇಳಲಿ.